ಅಬರ್ಡೀನಿನಲ್ಲಿ ಮಿಡಿದ ಕೋಶಗಳು

ಬೊಂಬಾಯಿ ಬಂದರು

"ಈ ಪೆಟ್ಟಿಗೆಯಲ್ಲಿ ಏನಿದೆ?"

"ಮಿದುಳು," ಎಂದೆ.

ಕಸ್ಟಮ್ಸ್ ಅಧಿಕಾರಿ ಮುಚ್ಚಳದ ಮೇಲಿಟ್ಟಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡರು. "ಯಾರದ್ದು?"

"ಇಲಿಯದ್ದು."

ಅವರ ಮುಖದಲ್ಲಿ ಸಮಾಧಾನವೂ ಸ್ವಲ್ಪ ನಿರಾಸೆಯೂ ಕಾಣಿಸಿತು. ಪೆಟ್ಟಿಗೆ ತೆಗೆದು ಒಂದು ಗಾಜಿನ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ಅದರ ನಡುವೆ ನೇರಳೆ ಬಣ್ಣದ ಒಂದು ಕಲೆ, ಅಷ್ಟೆ. ಇದಕ್ಕಾಗಿ ಸರ್ಕಾರದ ಸಮಯ ಹಾಳಾಯಿತಲ್ಲ ಎಂಬಂತೆ ಅದನ್ನು ಹಿಂದಿಟ್ಟು, ಪಕ್ಕದಲ್ಲಿದ್ದ ಡಬ್ಬಿಯ ಮುಚ್ಚಳ ಎಬ್ಬಿಸಿದರು. ಅತ್ತಿಗೆ ಹುರಿದು ಪುಡಿ ಮಾಡಿಕೊಟ್ಟ ಕಾಫಿ. ಅದರ ಘಮ ಇಡೀ ಶೆಡ್ಡಿಗೆ ಹರಡಿತು. ಹಿಂದೆ ಸಾಲಿನಲ್ಲಿ ನಿಂತಿದ್ದವರೂ ಕತ್ತು ಚಾಚಿದರು. "ಇದನ್ನು ಮೊದಲೇ ತೋರಿಸಬಾರದಿತ್ತೇ, ಡಾಕ್ಟರ್!" ಎಂದು ಅಧಿಕಾರಿ ನಕ್ಕು ಚೀಟಿಗೆ ಮುದ್ರೆ ಒತ್ತಿದರು.

ನನ್ನ ಅಣ್ಣ ಕೊಡಗಿನ ಅಮ್ಮತ್ತಿ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ನಾನು ಬೊಂಬಾಯಿಯಲ್ಲಿ ಡಾಕ್ಟರೇಟ್ ಮುಗಿಸಿ, ಮುಂದಿನ ಸಂಶೋಧನೆಗೆ ಸ್ಕಾಟ್ಲೆಂಡಿಗೆ ಹೊರಟಿದ್ದೇನೆ ಎಂದು ಹೇಳಲು ಊರಿಗೆ ಹೋದಾಗ ಅವನು ಕೂಲಿಯವರು ವಾಸಿಸುವ ಲೈನ್ಸಿನ ಕಡೆಯಿಂದ ಬರುತ್ತಾ ಅಂಗಳದಲ್ಲೇ ನಿಂತುಬಿಟ್ಟಿದ್ದ.

"ಡಾಕ್ಟರೇಟ್ ಆದ ಮೇಲೂ ಕಲಿಯದು ಉಟ್ಟಾ? ಮಂಡೆ ಒಳಗೆ ಎಂಥ ಉಟ್ಟೂಂತ ನೋಡಿಕೆ ಅಷ್ಟು ದೂರ ಹೋಕಾ?"

ನಮ್ಮ ಮನೆಮಾತಿನಲ್ಲಿ ‘ಉಟ್ಟು’ ಎಂದರೆ ಇದೆ, ‘ಹೋಕಾ’ ಎಂದರೆ ಹೋಗಬೇಕೇ; ಆ ಮಾತಿನಲ್ಲಿ ವಿಜ್ಞಾನ ಹೇಳುವುದು ಸುಲಭವಲ್ಲ. ತೋಟದ ಅಂಚಿನಲ್ಲಿ ಮರಕ್ಕೆ ಹಬ್ಬಿದ್ದ ಮೆಣಸಿನ ಬಳ್ಳಿ ತೋರಿಸಿದೆ. ಮಿದುಳಿನಲ್ಲಿ ಸುದ್ದಿ ಸಾಗಿಸುವ ನರಕೋಶಗಳು ಈ ಬಳ್ಳಿ ಇದ್ದಂತೆ; ಅವುಗಳ ಸುತ್ತ ನಿಂತು ಅವನ್ನು ಹಿಡಿದುಕೊಂಡಿರುವ ಬೇರೆ ಕೋಶಗಳಿವೆ, ಅವು ಮರ ಇದ್ದಂತೆ. ಇಷ್ಟು ದಿನ ಎಲ್ಲರೂ ಬಳ್ಳಿಯನ್ನೇ ನೋಡಿದರು. ನಾನು ಮರ ನೋಡಲು ಹೋಗುತ್ತಿದ್ದೇನೆ.

ಅಣ್ಣ ಬಳ್ಳಿಯನ್ನೊಮ್ಮೆ ಮುಟ್ಟಿ ನೋಡಿದ. "ಹಂಗಾರೆ ಹೋಗು. ಚಳಿಗೆ ಕಂಬಳಿ ತಕ," ಎಂದ. ಒಂಟಿ ಹೆಂಗಸು ಕಡಲು ದಾಟುವುದರ ಬಗ್ಗೆ ಆಮೇಲೆ ಬಂದ ನೆಂಟರೆಲ್ಲ ಹೇಳಬೇಕಾದ್ದನ್ನು ಹೇಳಿದರು. ಅವರಿಗೆಲ್ಲ ಅಣ್ಣ ನನ್ನ ಪರವಾಗಿ ಮೆಣಸಿನ ಬಳ್ಳಿ ತೋರಿಸಿದನಂತೆ.

ಹಡಗು

ಕೊಡಗಿನವರಿಗೆ ಕಡಲಿನಲ್ಲಿ ಬರುವ ಮೊದಲ ಕಾಯಿಲೆ ವಾಂತಿಯಲ್ಲ, ಬಯಲು. ನಮ್ಮ ಕಣ್ಣು ಎತ್ತ ತಿರುಗಿದರೂ ಒಂದು ಗುಡ್ಡಕ್ಕೆ ತಾಗಿ ಹಿಂದೆ ಬರುವುದಕ್ಕೆ ಒಗ್ಗಿದೆ. ಇಲ್ಲಿ ನೋಟ ಹೋಗುತ್ತಲೇ ಇರುತ್ತದೆ, ಯಾವುದೂ ತಡೆಯುವುದಿಲ್ಲ. ಎರಡನೆಯ ಕಾಯಿಲೆಯಾಗಿ ವಾಂತಿಯೂ ಬಂತು. ಏಡನ್ ಮುಟ್ಟುವ ಹೊತ್ತಿಗೆ ಎರಡೂ ವಾಸಿಯಾಗಿ, ಊಟದ ಮೇಜಿನಲ್ಲಿ ಎರಡನೆಯ ಸಲ ಬಡಿಸಿಕೊಳ್ಳುವಷ್ಟು ಸುಧಾರಿಸಿದ್ದೆ.

ಪೋರ್ಟ್ ಸೈದಿನಲ್ಲಿ ಹತ್ತಿದ ಒಬ್ಬ ಗ್ರೀಕ್ ವ್ಯಾಪಾರಿ ನನ್ನ ಎದುರಿನ ಕುರ್ಚಿಗೆ ಬಂದರು. ಏನು ಓದಲು ಹೊರಟಿದ್ದೀರಿ ಎಂದು ಕೇಳಿದರು. "ಗ್ಲಿಯಾ" ಎಂದೆ. ಮರದಂತೆ ನಿಂತ ಆ ಆಧಾರ ಕೋಶಗಳಿಗೆ ವಿಜ್ಞಾನಿಗಳು ಇಟ್ಟ ಹೆಸರು ಅದು.

ಅವರು ಚಮಚ ಕೆಳಗಿಟ್ಟು ಹೊಟ್ಟೆ ಕುಣಿಸಿ ನಕ್ಕರು. "ಅಮ್ಮಾ, ಅದು ನಮ್ಮ ಹಳೆಯ ಮಾತು. ಹಾಗೆಂದರೆ ಗೋಂದು! ಗೋಂದಿನ ಬಗ್ಗೆ ಓದಲು ಇಂಡಿಯಾದಿಂದ ಸ್ಕಾಟ್ಲೆಂಡಿಗೆ?"

ಮಾತು ಹಡಗಿನಲ್ಲೆಲ್ಲ ಹಬ್ಬಿತು. ಅಲ್ಲಿಂದ ಮುಂದೆ ನಾನು ಗೋಂದಿನ ಡಾಕ್ಟರ್. ಚಪ್ಪಲಿ ಕಿತ್ತುಹೋದ ಒಬ್ಬ ಹೆಂಗಸು ಅದನ್ನು ಹಿಡಿದುಕೊಂಡು ನಿಜವಾಗಿಯೂ ನನ್ನನ್ನು ಹುಡುಕಿಕೊಂಡು ಬಂದಳು. ತಮಾಷೆ ಏನೇ ಇರಲಿ, ಹೆಸರಿಟ್ಟವರ ಮನಸ್ಸು ನನಗೆ ಆಗ ಚೆನ್ನಾಗಿ ಅರ್ಥವಾಯಿತು. ನರಕೋಶಗಳ ನಡುವಿನ ಸಂದು ತುಂಬುವ ಬರೀ ಅಂಟು ಎಂದೇ ಅವರು ತಿಳಿದಿದ್ದರು. ಅಂಟಿಗೆ ಜೀವವಿದೆ, ಕೆಲಸವಿದೆ, ಅದಕ್ಕೇ ಕಾಯಿಲೆ ಬಂದರೆ ಮನುಷ್ಯ ನೆಲ ಹಿಡಿಯುತ್ತಾನೆ ಎಂಬ ಅನುಮಾನ ಶುರುವಾಗಿದ್ದು ಈಚೆಗೆ.

ಲಂಡನ್ ಬಂದರಿನಲ್ಲಿ ಪಾಸ್‌ಪೋರ್ಟ್ ನೋಡಿದ ಅಧಿಕಾರಿಗೆ ಬೇರೊಂದು ತೊಡಕು. "ಕೂರ್ಗ್ ಎಂದಿದೆ, ಮೈಸೂರು ಎಂದೂ ಇದೆ. ಅವು ಬೇರೆ ಬೇರೆಯಲ್ಲವೇ? ಶಾಲೆಯಲ್ಲಿ ನಕ್ಷೆಗೆ ಬಣ್ಣ ಹಾಕಿದ ನೆನಪಿದೆ."

"ಈಗ ಮೈಸೂರು ರಾಜ್ಯಕ್ಕೆ ಸೇರಿದೆ."

"ಸಂತೋಷದಿಂದಲೋ?"

ಆ ಪ್ರಶ್ನೆಯನ್ನು ಗೋಣಿಕೊಪ್ಪಲಿನಲ್ಲಿ ಮೈಸೂರು ಬಸ್ಸು ಹತ್ತಿ ಕೇಳಿದರೆ ಮೈಸೂರು ಬಂದರೂ ಉತ್ತರ ಮುಗಿಯುವುದಿಲ್ಲ ಎಂದೆ. ಅವರು ನಕ್ಕರು. "ಹಾಗಾದರೆ ನಿಮಗೆ ಸ್ಕಾಟ್ಲೆಂಡ್ ಹಿಡಿಸುತ್ತದೆ. ಅಲ್ಲೂ ಇದನ್ನು ಕೇಳಬಾರದು."

ಅಬರ್ಡೀನ್

ಈ ಊರನ್ನು ಕಲ್ಲಿನಲ್ಲಿ ಕಟ್ಟಿ ಮಳೆಯಲ್ಲಿ ತೊಳೆದಿದ್ದಾರೆ. ಮನೆ, ಇಗರ್ಜಿ, ಬ್ಯಾಂಕು, ಸೇತುವೆ, ಎಲ್ಲವೂ ಬೂದು ಬಣ್ಣದ ಗ್ರಾನೈಟ್ ಕಲ್ಲು. ಮೊದಲು ನೋಡಿದಾಗ ಊರಿನ ಹಸಿರು ನೆನಪಾಯಿತು. ಆದರೆ ಮಳೆ ನಿಂತು ಒಂದಿಷ್ಟು ಬಿಸಿಲು ಬಿದ್ದೊಡನೆ ಕಲ್ಲಿನೊಳಗಿನ ಅಭ್ರಕ ಮಿನುಗಿ ಇಡೀ ಬೀದಿ ಮದುವೆಗೆ ಹೊರಟಂತೆ ಕಂಡಿತು. ಕಡಲ ಹಕ್ಕಿಗಳು ಹೆಂಚಿನ ಮೇಲೆ ಕೂತು ಮನುಷ್ಯರನ್ನು ಬೈಯುತ್ತವೆ. ಮನುಷ್ಯರು ಮಾತ್ರ ಬೈಯುವುದಿಲ್ಲ, ಮಾತೇ ಕಡಿಮೆ. ಅವರ ಇಂಗ್ಲಿಷ್ ನಾನು ಕಲಿತ ಇಂಗ್ಲಿಷ್ ಅಲ್ಲ. ಆದರೆ ಒಂದೇ ಸಂತೆಯಲ್ಲಿ ಕೊಡವರು, ಮಲಯಾಳಿಗಳು, ತಮಿಳರು, ನಾವು, ಎಲ್ಲರೂ ಅವರವರ ಮಾತಿನಲ್ಲೇ ಚೌಕಾಸಿ ಮಾಡುವುದನ್ನು ಕೇಳಿ ಬೆಳೆದ ಕಿವಿ ನನ್ನದು. ಬೇಗ ಹೊಂದಿಕೊಂಡೆ.

ನನಗೆ ಕೋಣೆ ಕೊಟ್ಟವರು ಮಿಸೆಸ್ ಡಂಕನ್ ಎಂಬ ವಿಧವೆ. ಬಾಗಿಲು ತೆರೆದು ಒಳಗೆ ಕರೆದರು. ಬೆಂಕಿಗೂಡಿನ ಪಕ್ಕ ನನ್ನ ವಯಸ್ಸಿನ ಕೆಂಗೂದಲಿನ ಹುಡುಗಿಯೊಬ್ಬಳು ಕೂತಿದ್ದಳು. ಕುರ್ಚಿಗೆ ಒಂದು ಊರುಗೋಲು ಒರಗಿಸಿತ್ತು. ನನ್ನನ್ನು ಒಂದು ಗಳಿಗೆ ನೋಡಿ ಕೇಳಿದಳು: "ನಿಮ್ಮಿಬ್ಬರಲ್ಲಿ ಡಾಕ್ಟರ್ ಯಾರು?"

ನಾನು ತಿರುಗಿ ಹಿಂದೆ ನೋಡಿದೆ. ಯಾರೂ ಇಲ್ಲ. ಅವಳು ಚಪ್ಪಾಳೆ ತಟ್ಟಿ ನಕ್ಕಳು.

"ಎಲ್ಲರೂ ತಿರುಗಿ ನೋಡುತ್ತಾರೆ! ನನಗೆ ಎಲ್ಲವೂ ಎರಡೆರಡು ಕಾಣುತ್ತದೆ. ನಾನು ಎಲ್ಸ್‌ಪೆತ್, ಇವರ ಮಗಳು. ಕಾಯಿಲೆಯ ಹೆಸರು ನಿನಗೇ ಗೊತ್ತಿರುತ್ತದೆ. ಅದಕ್ಕೇ ಅಲ್ಲವೇ ನೀನು ಬಂದಿರುವುದು?"

ಹೌದು, ಅದಕ್ಕೇ. ನರತಂತುಗಳ ಮೇಲೆ ವಿದ್ಯುತ್ ತಂತಿಯ ರಬ್ಬರಿನ ಹಾಗೆ ಒಂದು ಹೊದಿಕೆ ಇರುತ್ತದೆ. ಈ ಕಾಯಿಲೆಯಲ್ಲಿ ಅದು ಅಲ್ಲಲ್ಲಿ ಕಳಚಿಹೋಗಿ ಆ ಜಾಗ ಗಟ್ಟಿಯಾಗುತ್ತದೆ. ವೈದ್ಯರು ಇಟ್ಟ ಹೆಸರಿನ ಅರ್ಥವೂ ಗಟ್ಟಿಯಾಗುವುದು ಎಂದೇ. ಕಣ್ಣು ಮಂಜಾಗುತ್ತದೆ, ಕಾಲು ಹೇಳಿದ ಮಾತು ಕೇಳುವುದಿಲ್ಲ. ನಮ್ಮ ಕಡೆ ಅಪರೂಪ. ಆ ಊರಿನಲ್ಲಿ ಪ್ರತಿ ಬೀದಿಯವರಿಗೂ ಗೊತ್ತು. ಆ ಹೊದಿಕೆಯನ್ನು ಹೆಣೆಯುವುದೇ ಒಂದು ಜಾತಿಯ ಆಧಾರ ಕೋಶ ಎಂದು ವಿಜ್ಞಾನಿಗಳು ಆಗತಾನೆ ಹೇಳತೊಡಗಿದ್ದರು. ಎಲ್ಸ್‌ಪೆತ್ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದಳು. ಮಕ್ಕಳನ್ನು ಬೆಟ್ಟ ಹತ್ತಿಸುತ್ತಿದ್ದವಳು ಈಗ ಮೆಟ್ಟಿಲು ಹತ್ತಲಾರಳು. ಕೆಲಸ ಬಿಟ್ಟಿದ್ದಳು.

ಪ್ರಯೋಗಾಲಯ

ನಮ್ಮ ಮುಖ್ಯಸ್ಥರು ಡಾಕ್ಟರ್ ರಾಸ್, ಬಾಗಿಲಿಗೆ ತಲೆ ತಾಗುವಷ್ಟು ಎತ್ತರದವರು. ಮಾತಿಗೆ ಬದಲು ಸಿಳ್ಳೆ ಹಾಕುವವರು ಎಂದು ಜೊತೆಯವರು ಹೇಳುತ್ತಿದ್ದರು. ಸಿಳ್ಳೆ ಇಂಪಾಗಿದ್ದರೆ ಪ್ರಯೋಗ ಸರಿಯಾಗಿದೆ ಎಂದು ಅರ್ಥ. ನಾನು ಹೋದಾಗಿನಿಂದ ಅವರು ಸಿಳ್ಳೆಯನ್ನೇ ಹಾಕಿರಲಿಲ್ಲ.

ಕೆಲಸ ಹೀಗೆ. ಆಗತಾನೆ ಹುಟ್ಟಿದ ಇಲಿಮರಿಯ ಮಿದುಳಿನ ಸಾಸಿವೆಯಷ್ಟು ಚೂರನ್ನು ತೆಳು ಗಾಜಿನ ಬಿಲ್ಲೆಯ ಮೇಲಿಟ್ಟು, ಆಹಾರದ ದ್ರವ ಹಾಕಿ, ಮೈಬಿಸಿಯಷ್ಟೇ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡಬೇಕು. ಒಳ್ಳೆಯ ದಿನಗಳಲ್ಲಿ ಚೂರಿನ ಅಂಚಿನಿಂದ ಆಧಾರ ಕೋಶಗಳು ತೆವಳಿ ಹೊರಗೆ ಬರುತ್ತವೆ. ಬದುಕಿರುವ ಅವುಗಳ ಮೇಲೆ ರೋಗಿಗಳ ರಕ್ತದ ತಿಳಿ ಹಾಕಿ ಏನಾಗುತ್ತದೆಂದು ನೋಡುವುದು ನಮ್ಮ ಗುರಿ. ಸತ್ತ ಕೋಶಗಳಿಗೆ ಬಣ್ಣ ಹಾಕಿ ನೋಡುವುದು ನನಗೆ ಬೊಂಬಾಯಿಯಲ್ಲೇ ಗೊತ್ತಿತ್ತು. ನಾನು ಕಡಲು ದಾಟಿದ್ದು ಜೀವಂತವಾದವನ್ನು ನೋಡಲು.

ಅವು ಸಾಯುತ್ತಿದ್ದವು. ನನ್ನವು, ಪಕ್ಕದ ಮೇಜಿನವರವು, ಸ್ವತಃ ರಾಸ್ ಅವರವು. ಎರಡು ದಿನ ನೆಟ್ಟಗಿರುತ್ತಿದ್ದವು, ಮೂರನೆಯ ದಿನ ಉಂಡೆಗಟ್ಟಿ ಉದುರುತ್ತಿದ್ದವು. ಆಹಾರ ಬದಲಾಯಿಸಿದೆವು, ಪೆಟ್ಟಿಗೆ ಬದಲಾಯಿಸಿದೆವು. ಮನೆಗೆ ಬಂದಾಗೆಲ್ಲ ಎಲ್ಸ್‌ಪೆತ್ ಕೇಳುತ್ತಿದ್ದಳು: "ಮಕ್ಕಳು ಹೇಗಿದ್ದಾರೆ?"

"ಹೋದರು."

"ಎಲ್ಲರೂ?"

"ಎಲ್ಲರೂ."

"ಅಮ್ಮಾ, ಇವಳಿಗೆ ಇನ್ನೊಂದು ಆಲೂಗಡ್ಡೆ ಹಾಕು," ಎನ್ನುತ್ತಿದ್ದಳು. ಸ್ಕಾಟ್ಲೆಂಡಿನಲ್ಲಿ ಸಾವಿಗೂ ಸೋಲಿಗೂ ಆಲೂಗಡ್ಡೆಯೇ ಔಷಧಿ.

ಚಳಿಗಾಲದ ನಡುವೆ ರಾಸ್ ನನ್ನನ್ನು ಕರೆದು ಮೃದುವಾಗಿಯೇ ಹೇಳಿದರು. "ಡಾಕ್ಟರ್ ದೇವಕಿ, ನಿಮಗಿರುವುದು ಒಂದೇ ವರ್ಷ. ಹಿಮ ಕರಗುವುದರೊಳಗೆ ಇವು ಬದುಕದಿದ್ದರೆ ಸತ್ತ ಕೋಶಗಳ ಕೆಲಸಕ್ಕೇ ಬನ್ನಿ. ಬರಿಗೈಲಿ ಊರಿಗೆ ಹೋಗಬೇಡಿ." ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು. ಅದಕ್ಕೇ ಹೆಚ್ಚು ಚುಚ್ಚಿತು.

ಸೋಪಿನ ಕಾಫಿ

ಈಗ ಒಂದು ವಿಚಿತ್ರ ಪದ್ಧತಿಯನ್ನು ಹೇಳಲೇಬೇಕು. ಆ ಜನ ಪಾತ್ರೆ ತೊಳೆಯುವುದು ಹೀಗೆ: ತೊಟ್ಟಿಯಲ್ಲಿ ಬಿಸಿನೀರು, ಸೋಪಿನ ಪುಡಿ, ಬೆಟ್ಟದಷ್ಟು ನೊರೆ. ತಟ್ಟೆ ಲೋಟಗಳನ್ನು ಅದರಲ್ಲಿ ಅದ್ದಿ ಉಜ್ಜುತ್ತಾರೆ. ಹೊರಗೆ ತೆಗೆಯುತ್ತಾರೆ. ನೊರೆ ಇರುವಂತೆಯೇ ಬಟ್ಟೆಯಲ್ಲಿ ಒರೆಸಿ ಕಪಾಟಿನಲ್ಲಿಡುತ್ತಾರೆ! ಮತ್ತೆ ನೀರಿಗೆ ಹಿಡಿಯುವುದೇ ಇಲ್ಲ. ನಮ್ಮ ಅತ್ತಿಗೆ ನೋಡಿದ್ದರೆ ಆ ಮನೆಯಲ್ಲಿ ನೀರೂ ಕುಡಿಯುತ್ತಿರಲಿಲ್ಲ. ಪರರ ಮನೆ ಎಂದು ನಾನು ಸುಮ್ಮನಿದ್ದೆ. ಅವರ ಚಹಾದಲ್ಲಿ ಯಾವ ರುಚಿ ಸೇರಿದರೂ ತಿಳಿಯುತ್ತಲೂ ಇರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಹೊರಗೆ ಹಿಮ ಬೀಳುತ್ತಿತ್ತು. ಮನಸ್ಸು ಮಂಕಾಗಿತ್ತು. ಊರಿನ ಡಬ್ಬಿ ತೆಗೆದು, ಬಟ್ಟೆಯಲ್ಲಿ ಸೋಸಿ, ಬೆಲ್ಲವಿಲ್ಲದ ಊರಾದ್ದರಿಂದ ಸಕ್ಕರೆ ಹಾಕಿ ಕಾಫಿ ಮಾಡಿದೆ. ತಾಯಿ ಮಗಳಿಗೂ ಕೊಟ್ಟೆ. ಒಂದು ಗುಟುಕು ಕುಡಿದವಳೇ ಮುಖ ಹಿಂಡಿದೆ.

"ಏನಾಯಿತು?" ಎಂದರು ಮಿಸೆಸ್ ಡಂಕನ್. "ನನಗೇನೋ ಬಹಳ ಚೆನ್ನಾಗಿದೆ."

"ಸೋಪು," ಎಂದೆ. ಬಾಯಿ ತಪ್ಪಿ ಬಂದುಬಿಟ್ಟಿತು. "ಲೋಟಕ್ಕೆ ಸೋಪು ಅಂಟಿಕೊಂಡಿದೆ."

"ಅಂಟಿಕೊಂಡಿರಲಿ ಹುಡುಗಿ, ಅಂದರೆ ಶುಭ್ರವಾಗಿದೆ ಎಂದರ್ಥ!"

ಎಲ್ಸ್‌ಪೆತ್ ಉಸಿರುಗಟ್ಟಿ ನಗುತ್ತಿದ್ದಳು. ನಾನು ನಗಲಿಲ್ಲ. ಲೋಟವನ್ನು ಬೆಳಕಿಗೆ ಹಿಡಿದು ನೋಡಿದೆ. ಒರೆಸಿ ಒಣಗಿಸಿದ ಲೋಟ, ಕಣ್ಣಿಗೆ ಪಳಪಳ. ಆದರೂ ಒಂದು ಪದರ ಉಳಿದಿದೆ. ಮನುಷ್ಯರ ನಾಲಿಗೆಗೆ ಇಷ್ಟು ಒಗರಾದರೆ, ಗಾಜಿನ ಮೇಲೆಯೇ ತೆವಳಬೇಕಾದ ಕೋಶದ ಗತಿ ಏನು?

"ಎಲ್ಲಿಗೆ?" ಎಂದು ಎಲ್ಸ್‌ಪೆತ್ ಕೂಗುತ್ತಿದ್ದಂತೆ ಕೋಟು ಎಳೆದುಕೊಂಡು ಓಡಿದೆ. ಸೀರೆಗೆ ಗಂಬೂಟು ಹಾಕಿಕೊಂಡು ಹಿಮದಲ್ಲಿ ಓಡುವ ಹೆಂಗಸನ್ನು ಇಗರ್ಜಿಗೆ ಹೊರಟವರೆಲ್ಲ ನಿಂತು ನೋಡಿದರು. ಒಂದು ಕಡೆ ಜಾರಿಬಿದ್ದೆ. ಇಬ್ಬರು ಮುದುಕರು ಮಾತಿಲ್ಲದೆ ಎತ್ತಿ ನಿಲ್ಲಿಸಿ, ಟೋಪಿ ಮುಟ್ಟಿ ಹೋದರು.

ಕಾವಲುಗಾರನನ್ನು ಕಾಡಿ ಬೀಗ ತೆಗೆಸಿದೆ. ತೊಳೆದಿಟ್ಟ ಗಾಜಿನ ಬಿಲ್ಲೆಗಳನ್ನು ಒಂದು ನಳಿಗೆಗೆ ಹಾಕಿ, ಭಟ್ಟಿ ಇಳಿಸಿದ ನೀರು ತುಂಬಿ, ಹೆಬ್ಬೆರಳಲ್ಲಿ ಮುಚ್ಚಿ ಅಲುಗಾಡಿಸಿದೆ.

ನೊರೆ ಬಂತು. ತೆಳ್ಳಗೆ, ಬೆಳ್ಳಗೆ, ನೀರಿನ ಮೇಲೆ ಉಂಗುರದಂತೆ ನಿಂತಿತು. ಇನ್ನೊಂದು ಪೆಟ್ಟಿಗೆಯವನ್ನು ಹಾಕಿದೆ. ಅದರಲ್ಲೂ ನೊರೆ. ಯಾರೂ ಇಲ್ಲದ ಆ ಕೋಣೆಯಲ್ಲಿ ನಾನು ಒಬ್ಬಳೇ ನಮ್ಮ ಭಾಷೆಯಲ್ಲಿ ಏನೇನೋ ಕೂಗಿಕೊಂಡೆ.

ಸೋಮವಾರ ರಾಸ್ ಆ ನಳಿಗೆಯನ್ನು ತಾವೇ ಅಲುಗಾಡಿಸಿ ನೋಡಿದರು. ವಿಚಾರಿಸಿದಾಗ ಪ್ರಯೋಗಾಲಯದ ಗಾಜು ತೊಳೆಯಲು ಶರತ್ಕಾಲದಿಂದ ಹೊಸದೊಂದು ಸೋಪಿನ ಪುಡಿ ಬಳಕೆಗೆ ಬಂದಿದೆ ಎಂದು ತಿಳಿಯಿತು. ಮೊದಲಿನ ಪುಡಿ ಜಾಲಿಸಿದರೆ ಬಿಟ್ಟುಹೋಗುತ್ತಿತ್ತು, ಇದು ಹಿಡಿದುಕೊಳ್ಳುತ್ತದೆ, ಯಾರಿಗೂ ಹೊಳೆದಿರಲಿಲ್ಲ. ಅಂದಿನಿಂದ ಬಿಲ್ಲೆಗಳನ್ನು ಆಮ್ಲದಲ್ಲಿ ನೆನೆಸಿ, ನೊರೆ ಬರುವುದು ನಿಲ್ಲುವವರೆಗೆ ನೀರು ಬದಲಾಯಿಸುತ್ತಾ ನಾನೇ ತೊಳೆದೆ. ಕೈ ಒಡೆದು ರಕ್ತ ಬಂತು. ಇಟ್ಟ ಚೂರುಗಳು ಮೂರನೆಯ ದಿನ ದಾಟಿದವು. ವಾರ ದಾಟಿದವು. ಸೂಕ್ಷ್ಮದರ್ಶಕದ ಕೆಳಗೆ ಅಂಚಿನಿಂದ ಒಂದೊಂದಾಗಿ ಹೊರಬಂದು, ಕೈ ಚಾಚಿ, ಒಂದನ್ನೊಂದು ಮುಟ್ಟಿದವು. ಹಿಂದೆ ಯಾರೋ ಸಿಳ್ಳೆ ಹಾಕುತ್ತಿದ್ದರು. ತಿರುಗಿ ನೋಡದೆಯೇ ನನಗೆ ಗೊತ್ತಾಯಿತು.

ಪರದೆ

ಕೋಶಗಳ ಚಲನೆ ಕಣ್ಣಿಗೆ ಕಾಣದಷ್ಟು ನಿಧಾನ. ಆದ್ದರಿಂದ ಸೂಕ್ಷ್ಮದರ್ಶಕಕ್ಕೆ ಸಿನಿಮಾ ಕ್ಯಾಮೆರಾ ಜೋಡಿಸಿ, ಬಿಟ್ಟು ಬಿಟ್ಟು ಒಂದೊಂದೇ ಚಿತ್ರ ತೆಗೆದು, ಆಮೇಲೆ ಒಟ್ಟಿಗೆ ಓಡಿಸಿ ನೋಡುತ್ತಾರೆ. ನಮ್ಮ ಮೊದಲ ರೀಲು ಸಿದ್ಧವಾದಾಗ ಎಲ್ಸ್‌ಪೆತ್ ತಾನೂ ನೋಡಬೇಕೆಂದು ಹಟ ಹಿಡಿದಳು. ರಾಸ್ ಒಪ್ಪಿದರು. ಪ್ರಯೋಗಾಲಯ ಮೇಲಿನ ಅಂತಸ್ತಿನಲ್ಲಿತ್ತು. ಅವರೂ ನಾನೂ ಸೇರಿ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋದೆವು. "ದುಬಾರೆಯ ಆನೆ ಸವಾರಿಗಿಂತ ಮೇಲು," ಎಂದಳು. ನಮ್ಮ ಕೊಡಗಿನ ಆ ಆನೆ ಶಿಬಿರದ ಕತೆ ನಾನೇ ಹೇಳಿದ್ದೆ.

ಕಿಟಕಿಗೆ ಪರದೆ ಎಳೆದು ರೀಲು ಹಚ್ಚಿದರು.

ಬೂದು ಬಯಲಿನಲ್ಲಿ ಸಣ್ಣ ದುಂಡನೆಯ ಕೋಶಗಳು. ಹೊದಿಕೆ ಹೆಣೆಯುತ್ತವೆ ಎಂದೆನಲ್ಲ, ಅದೇ ಜಾತಿಯವು. ಅವು ಮಿಡಿಯುತ್ತಿದ್ದವು! ಹೃದಯದ ಹಾಗೆ ಕುಗ್ಗಿ, ಹಿಗ್ಗಿ, ಮತ್ತೆ ಕುಗ್ಗಿ. ಪ್ರತಿಯೊಂದಕ್ಕೂ ಅದರದೇ ತಾಳ. ಇದನ್ನು ಮೊದಲು ಕಂಡವರು ನಾವಲ್ಲ, ಬೇರೆ ದೇಶದವರು ಬರೆದದ್ದನ್ನು ನಾನು ಓದಿದ್ದೆ. ಓದುವುದು ಬೇರೆ. ನನ್ನ ಒಡೆದ ಕೈಯಲ್ಲಿ ತೊಳೆದ ಗಾಜಿನ ಮೇಲೆ, ಗೋಂದು ಎಂದು ಹೆಸರಿಟ್ಟ ವಸ್ತು ಉಸಿರಾಡುತ್ತಿತ್ತು.

"ನನಗೆ ನಿಮಗಿಂತ ಇಮ್ಮಡಿ ಕಾಣುತ್ತಿವೆ," ಎಂದಳು ಎಲ್ಸ್‌ಪೆತ್. ಆಮೇಲೆ ತಮಾಷೆಯಿಲ್ಲದ ದನಿಯಲ್ಲಿ, "ನನ್ನೊಳಗೂ ಹೀಗೇ ಇವೆಯೇ?" ಎಂದು ಕೇಳಿದಳು.

"ಇವೆ. ಗಾಯವಾದ ಜಾಗದಲ್ಲಿ ಎಷ್ಟು ಉಳಿದಿವೆಯೋ, ಏನು ಮಾಡುತ್ತಿವೆಯೋ, ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ."

"ಒಳಗೆಲ್ಲ ಈ ಊರಿನ ಹಾಗೆ ಕಲ್ಲಾಗಿದೆ ಎಂದುಕೊಂಡಿದ್ದೆ, ದೇವಕಿ. ಕಾಯಿಲೆಯ ಹೆಸರೇ ಹಾಗಲ್ಲವೇ? ಇನ್ನೊಮ್ಮೆ ಓಡಿಸಿ."

ಮೂರು ಸಲ ಓಡಿಸಿದರು. ಆಮೇಲೆ ಅವಳು ಅಂಗಿಯ ತೋಳು ಮಡಚಿ ಕೈ ಮುಂದಿಟ್ಟಳು. "ರೋಗಿಗಳ ರಕ್ತ ಬೇಕಲ್ಲ? ತಗೊಳ್ಳಿ."

ತೆಗೆದುಕೊಂಡೆವು. ಅವಳ ರಕ್ತದ ತಿಳಿ ಹಾಕಿದಾಗ ಕೋಶಗಳು ಕುಗ್ಗಿ ಮಿಡಿತ ನಿಲ್ಲಿಸಿದವು. ಪ್ರಯೋಗಾಲಯವೆಲ್ಲ ಎದ್ದು ನಿಂತಿತು. ಹೋಲಿಸಿ ನೋಡಲು ಆರೋಗ್ಯವಂತಳಾದ ನನ್ನ ರಕ್ತ ಹಾಕಿದರು. ಅದಕ್ಕೂ ಕುಗ್ಗಿದವು! ಮತ್ತೊಂದು ದಿನ ಇಬ್ಬರದ್ದಕ್ಕೂ ಜಪ್ಪಯ್ಯ ಎನ್ನಲಿಲ್ಲ. ಏಕೆಂದು ತಿಳಿಯುವುದೇ ನನ್ನ ಉಳಿದ ತಿಂಗಳುಗಳ ಕೆಲಸವಾಯಿತು. ಪೂರ್ತಿ ತಿಳಿಯಿತೆಂದು ಹೇಳಲಾರೆ. ಆದರೆ ಎದ್ದ ಕೂಡಲೇ ಪ್ರಯೋಗಾಲಯಕ್ಕೆ ಓಡಬೇಕೆನಿಸುವ ದಿನಗಳು ಅವು.

ಬೇಸಿಗೆಯಲ್ಲಿ ಎಲ್ಸ್‌ಪೆತ್‌ಳ ಕಣ್ಣು ತಿಳಿಯಾಯಿತು. ನಮ್ಮಿಂದಲ್ಲ, ಈ ಕಾಯಿಲೆ ಹೀಗೆ ಕೆಲವು ಕಾಲ ತಾನಾಗಿ ಹಿಂದೆ ಸರಿಯುತ್ತದೆ, ಮತ್ತೆ ಬರಲೂಬಹುದು. ಅವಳಿಗೂ ಗೊತ್ತಿತ್ತು. ಒಂದು ಬೆಳಿಗ್ಗೆ ನನ್ನನ್ನು ದಿಟ್ಟಿಸಿ, "ಒಬ್ಬಳೇ ಇದ್ದೀಯ! ಇನ್ನೊಬ್ಬಳು ಸ್ವಲ್ಪ ತೆಳ್ಳಗಿದ್ದಳು," ಎಂದಳು. ಮಿಸೆಸ್ ಡಂಕನ್ ಒರೆಸುತ್ತಿದ್ದ ತಟ್ಟೆಯನ್ನು ಕೆಳಗಿಟ್ಟು ಮುಖಕ್ಕೆ ಬಟ್ಟೆ ಒತ್ತಿಕೊಂಡರು.

ಆಗ ರಾಸ್ ಅವರಿಗೆ ರೀಲುಗಳಲ್ಲಿ ಪ್ರತಿ ಕೋಶ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಕಾಗದದ ಮೇಲೆ ಗುರುತಿಸುವವರು ಬೇಕಿತ್ತು. ತಾಳ್ಮೆಯ ಕೆಲಸ, ಯಾರಿಗೂ ಬೇಡ. ಎಲ್ಸ್‌ಪೆತ್ ಊರುಗೋಲಿನಲ್ಲಿ ನಡೆದುಕೊಂಡೇ ಹೋಗಿ ಕೆಲಸ ಕೇಳಿದಳು.

"ಮೆಟ್ಟಿಲು?" ಎಂದು ರಾಸ್ ಹಿಂಜರಿದರು.

"ನಾನು ನಕ್ಷೆ ಬಿಡಿಸಲು ಕಲಿಸುತ್ತಿದ್ದವಳು. ಇದೂ ನಕ್ಷೆಯೇ, ಊರು ಚಲಿಸುತ್ತದೆ ಅಷ್ಟೆ. ನನ್ನನ್ನು ಮೇಲಕ್ಕೆ ಒಯ್ಯುವುದು ಕಷ್ಟವಾದರೆ ರೀಲು ಓಡಿಸುವ ಯಂತ್ರವನ್ನು ಕೆಳಕ್ಕೆ ತನ್ನಿ."

ಯಂತ್ರ ಕೆಳಗೆ ಬಂತು. ಬೆಚ್ಚಗಿನ ಪೆಟ್ಟಿಗೆಯೂ ಬಂತು. ಕೋಶಗಳಿಗೆ ಆಹಾರ ಹಾಕುವುದನ್ನೂ, ಗಾಜು ತೊಳೆಯುವುದನ್ನೂ ಅವಳಿಗೆ ನಾನೇ ಕಲಿಸಿದೆ. ಕೈ ನಡುಗುವ ದಿನ ಮೇಜಿಗೆ ಮೊಣಕೈ ಊರಿ ಮಾಡುತ್ತಿದ್ದಳು.

ಅಬರ್ಡೀನ್ ಸ್ಟೇಷನ್

ನಾನು ಹೊರಟ ಬೆಳಿಗ್ಗೆ ಎಲ್ಸ್‌ಪೆತ್ ತಿಂಡಿಗೆ ಕಾಣಿಸಲಿಲ್ಲ. ಸ್ಟೇಷನ್ನಿಗೂ ಬರಲಿಲ್ಲ. ಮಿಸೆಸ್ ಡಂಕನ್ ಒಬ್ಬರೇ ಬಂದು, ನನ್ನ ಕೈಯಲ್ಲಿ ಓಟ್ಸ್ ರೊಟ್ಟಿಯ ಗಂಟು ಇಟ್ಟರು. ನಾನು ಅವರ ತೋಳು ಹಿಡಿದುಕೊಂಡೆ.

"ಮತ್ತೆ ಶುರುವಾಯಿತೇ? ಮಲಗಿದ್ದಾಳೆಯೇ? ಮೊದಲೇ ಹೇಳಬಾರದಿತ್ತೇ?"

"ಮಲಗುವುದೇ!" ಎಂದರು ಮಿಸೆಸ್ ಡಂಕನ್. "ಮುಂಜಾನೆಯೇ ಎದ್ದು ಹೋದಳು. ಇವತ್ತು ಮಕ್ಕಳಿಗೆ ಆಹಾರ ಹಾಕುವ ದಿನವಂತೆ. ತಡವಾದರೆ ಸಾಯುತ್ತವಂತೆ. ನಿನಗೆ ಅರ್ಥವಾಗುತ್ತದೆ ಎಂದಳು. ಅರ್ಥವಾಗದಿದ್ದರೆ ನೀನು ಇಲ್ಲಿ ಒಂದು ವರ್ಷ ದಂಡ ಮಾಡಿದೆ ಎಂದು ಹೇಳಲು ಹೇಳಿದಳು."

ರೈಲು ಕದಲಿತು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ, ಅಷ್ಟು ಜನರ ಎದುರಿಗೆ, ಗಟ್ಟಿಯಾಗಿ ನಗುತ್ತಿದ್ದೆ. ಮಿಸೆಸ್ ಡಂಕನ್ ಕೂಡ ನಗುತ್ತಾ, ಗಡಿಯಾರದ ಕಡೆ ಒಮ್ಮೆ ನೋಡಿ, ಮಗಳ ಊಟದ ಬುತ್ತಿ ಹಿಡಿದುಕೊಂಡು ಪ್ರಯೋಗಾಲಯದ ದಾರಿ ಹಿಡಿದರು.